ಒಬ್ಬರೇ ಕೇಳಿದ ಭಾಷಣ

ವಿಜಯವಾಡದ ನಮ್ಮ ಬ್ಯಾಂಕಿನಿಂದ ನನ್ನನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದರು. ಪ್ರಚಾರಸಭೆಗಳನ್ನು ವಿಡಿಯೋ ಮಾಡಿ ವರದಿ ಬರೆಯಬೇಕಿತ್ತು. ಇಬ್ರಾಹಿಂಪಟ್ನಂ ಹತ್ತಿರದ ಒಂದು ಊರಿಗೆ ಆ ದಿನ ಬಂದ ಅಭ್ಯರ್ಥಿ ಮೂವತ್ತರ ಆಸುಪಾಸಿನ ವಕೀಲೆ. ಜಾತಿ ಬಿಟ್ಟು ಮದುವೆಯಾದ ಮಕ್ಕಳನ್ನು ಮನೆಯಿಂದ ಹೊರಗಿಡಬೇಡಿ ಎಂದು ಊರೂರಲ್ಲಿ ಹೇಳುತ್ತಿದ್ದರು. ಅದಕ್ಕೇ ಅಲ್ಲಿನ ಹಿರಿಯರೊಬ್ಬರು ಬೀದಿಯ ಎಲ್ಲ ಬಾಗಿಲುಗಳನ್ನೂ ಹಾಕಿಸಿದ್ದರು. ಆಕೆ ಮುಚ್ಚಿದ ಬಾಗಿಲುಗಳಿಗೇ ಭಾಷಣ ಶುರು ಮಾಡಿದರು.

"ಜನವೇ ಇಲ್ಲ, ಕ್ಯಾಮೆರಾ ನಿಲ್ಲಿಸಿ ಸಾರ್," ಎಂದರು ಹಿರಿಯರು.

"ಭಾಷಣ ಮುಗಿಯೋವರೆಗೂ ನಿಲ್ಲಿಸೋ ಹಾಗಿಲ್ಲಂಡಿ," ಎಂದೆ ನನಗೆ ಬರುವ ತೆಲುಗಿನಲ್ಲಿ.

"ಹೊರಗಿನವರು ನೀವು. ನಮ್ಮೂರ ವಿಷಯ ನಿಮಗ್ಯಾಕೆ?"

ಅಷ್ಟರಲ್ಲಿ ಅವರದೇ ಮನೆಯ ಬಾಗಿಲು ತೆರೆಯಿತು. ಎಂಬತ್ತು ದಾಟಿದ ಅವರ ತಾಯಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಬೀದಿಯ ನಡುವೆ ಕೂತರು.

"ಒಳಗೆ ಹೋಗಮ್ಮಾ," ಎಂದರು ಮಗ.

"ಮಿಕ್ಕವರಿಗೆ ಬಾಗಿಲ ಹಿಂದಿನಿಂದಲೂ ಕೇಳಿಸುತ್ತೆ, ನನ್ನ ಕಿವಿ ಮಂದ. ಈ ಹುಡುಗಿ ನೀನು ಹೊರಗೆ ಹಾಕಿದ ನಿನ್ನ ತಂಗಿಯ ವಿಷಯವೇ ಮಾತಾಡ್ತಿದ್ದಾಳೆ. ಪೂರ್ತಿ ಕೇಳಿಯೇ ನಾನು ಏಳೋದು."

ಅವರು ಏಳಲಿಲ್ಲ. ಅಭ್ಯರ್ಥಿ ವೇದಿಕೆಯಿಂದ ಇಳಿದು ಅವರ ಕುರ್ಚಿಯ ಪಕ್ಕದಲ್ಲೇ ನಿಂತು ಮಾತು ಮುಂದುವರಿಸಿದರು.

"ಅಮ್ಮ ಇರೋ ಭಾಗ ಅಳಿಸಿಬಿಡಿ," ಎಂದು ಹಿರಿಯರು ದನಿ ತಗ್ಗಿಸಿ ಕೇಳಿದರು. ಆಗೋದಿಲ್ಲ ಎಂದೆ.

ವರದಿಯಲ್ಲಿ ‘ಅಹಿತಕರ ಘಟನೆಗಳು’ ಎಂಬ ಕಾಲಮ್ಮಿತ್ತು. ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಹಿರಿಯರನ್ನು ಕೇಳಿದ್ದರೆ ಇನ್ನೊಂದು ಹಾಳೆ ಬೇಕಾಗುತ್ತಿತ್ತು.