ಮಾವನ ಬಲಗಾಲಿನ ಲೇಸು

ಅವತ್ತು ಶಿರಾಲಿಯ ನಮ್ಮ ಮನೆ ಜಗಲಿಯಲ್ಲಿ ಇದ್ದದ್ದು ಮೂವರು. ಕುರ್ಚಿಯಲ್ಲಿ ಕಾಲು ಚಾಚಿ ಕೂತ ಮಾವ, ಅಂದರೆ ಅಮ್ಮನ ತಮ್ಮ. ಬಾಗಿಲಿಗೆ ಒರಗಿ ನಿಂತ ಅಮ್ಮ. ಮಾವನ ಕಪ್ಪು ಶೂವನ್ನು ಮಡಿಲಲ್ಲಿಟ್ಟುಕೊಂಡು ನೆಲದಲ್ಲಿ ಕೂತ ನಾನು.

ಮಾವ ಹರೆಯದಲ್ಲಿ ತೆಂಗಿನಗುಂಡಿ ಬಂದರಿನಿಂದ ಮೀನಿಗೆಂದು ಕಡಲಿಗೆ ಹೋಗುತ್ತಿದ್ದವರು. ಬೋಟು ಬಿಟ್ಟ ಮೇಲೆ ಮುರ್ಡೇಶ್ವರದ ಹೋಟೆಲ್ಲೊಂದರ ಗೇಟಿನಲ್ಲಿ ವಾಚ್‌ಮನ್ ಆದರು. ಲಕ್ವ ಹೊಡೆದು ಬಲಗೈ ಬೆರಳು ಮಡಚದಂತಾಯಿತು. ಬಲಗಾಲು ಹೇಗೋ ನಡೆಯುತ್ತಿತ್ತು, ಮುಟ್ಟಿದರೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಹೋಟೆಲ್ಲಿನವರು ಒಳ್ಳೆಯವರೇ. ಕೂತೇ ಕೆಲಸ ಮಾಡಿ, ಬನ್ನಿ ಎಂದರು. ಯೂನಿಫಾರ್ಮ್ ಮಾತ್ರ ಪೂರ್ತಿ ಇರಬೇಕು, ಲೇಸಿನ ಶೂ ಸಮೇತ. ಮನೆಯಲ್ಲಿ ಕೂತ ತಿಂಗಳುಗಳಲ್ಲಿ ಮಾವ ಗಡ್ಡ ತೆಗೆಯುವುದನ್ನೂ ಬಿಟ್ಟಿದ್ದರು. ಆ ಗೇಟು ಬಿಟ್ಟರೆ ಅವರಿಗೆ ಹೋಗುವುದಕ್ಕೆ ಬೇರೆ ಜಾಗ ಇರಲಿಲ್ಲ.

ಆದರೆ ಲೇಸು ಕಟ್ಟುವವರು ಯಾರು? ನಾನು ಬೆಳಗಿನ ಬಸ್ಸಿಗೆ ಕುಮಟೆಗೆ ಕೆಲಸಕ್ಕೆ ಹೊರಡುವವಳು. ಮಾವನ ಪಾಳಿ ಮಧ್ಯಾಹ್ನದ್ದು. ಆ ಹೊತ್ತಿಗೆ ಮನೆಯಲ್ಲಿ ಅಮ್ಮ ಒಬ್ಬಳೇ. ಅವಳು ಒಮ್ಮೆ ಬಗ್ಗಿದ್ದಳು. ಮಾವ ಕಾಲೆಳೆದುಕೊಂಡ ರಭಸಕ್ಕೆ ಕುರ್ಚಿಯೇ ಹಿಂದೆ ಸರಿಯಿತು. ಅಕ್ಕ ತಮ್ಮನ ಕಾಲು ಮುಟ್ಟುವುದು ನಮ್ಮಲ್ಲಿ ಇಲ್ಲ. ಅದರಲ್ಲೂ ಇವಳು, ತಾಯಿ ಹೋದ ಮೇಲೆ ಅವರನ್ನು ಸೊಂಟದ ಮೇಲಿಟ್ಟು ಬೆಳೆಸಿದವಳು.

"ನೀ ಕಾಲು ಹಿಡದ್ರೆ ನಾ ಆ ಕೆಲಸಕ್ಕೇ ಹೋಗೂದಿಲ್ಲ ಅಕ್ಕಾ" ಎಂದಿದ್ದರು.

ಭಟ್ಕಳದಲ್ಲಿ ಹುಡುಕಿ ಸಿಗದೆ, ಕೊನೆಗೆ ಕುಮಟೆಯಲ್ಲಿ ಊರುಗೋಲು, ಸೊಂಟದ ಬೆಲ್ಟು ಮಾರುವ ಅಂಗಡಿಯಿಂದ ಹಿಗ್ಗುವ ಇಲಾಸ್ಟಿಕ್ ಲೇಸು ತಂದೆ. ಒಮ್ಮೆ ಪೋಣಿಸಿ ಗಂಟು ಹಾಕಿದರೆ ಮತ್ತೆ ಬಿಚ್ಚುವ, ಕಟ್ಟುವ ರಗಳೆಯಿಲ್ಲ. ಹಿಮ್ಮಡಿ ಜಾರಿಸಿಕೊಳ್ಳಲು ಉದ್ದ ಹಿಡಿಕೆಯ ಪ್ಲಾಸ್ಟಿಕ್ ಪಟ್ಟಿಯೊಂದನ್ನೂ ಕೊಟ್ಟರು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಂತ, ದೋಸೆ ಕವುಚೂದಾ?" ಎಂದಳು. ಮಾವ ಬಹಳ ದಿನದ ಮೇಲೆ ನಕ್ಕರು.

ಬೆರಳು ತೂರುವಷ್ಟು ಸಡಿಲ ಬಿಡಿ ಎಂದು ಅಂಗಡಿಯವರು ಎರಡೆರಡು ಸಲ ಹೇಳಿದ್ದರು. ಹಾಗೇ ಬಿಟ್ಟು ಶೂವನ್ನು ಮಾವನ ಕಾಲಿಗೆ ತೊಡಿಸಿದೆ. ಮಾವನಿಗೆ ಅದು ಸರಿಬರಲಿಲ್ಲ. ಹಗ್ಗ ಸಡಿಲ ಬಿಟ್ಟವನು ಬೋಟಿನಲ್ಲಿ ದಿನವಿಡೀ ಬೈಸಿಕೊಳ್ಳುತ್ತಿದ್ದನಂತೆ. ಬಲೆಗೆ ಹಾಕುವ ಗಂಟನ್ನು ಎಡಗೈ ಬೆರಳಿನಿಂದ ಗಾಳಿಯಲ್ಲಿ ಬರೆದು ಹೇಳಿಕೊಟ್ಟರು.

"ಎಳಿ ಮಗಾ. ಇನ್ನೂ ಸ್ವಲ್ಪ."

"ನೋವಾತದ್ಯಾ ಮಾವ?"

"ಎಂತ ಇಲ್ಲ. ಎಳಿ."

ಎಳೆದೆ. ಗಂಟು ಕೂತಿತು. "ಈಗ ಆತು" ಎಂದರು. ಏನೂ ಗೊತ್ತಾಗದ ಕಾಲಿಗೆ ನೋವಾಗುತ್ತದೆಯೇ ಎಂದು ಕೇಳಿದವಳು ನಾನು. ಉತ್ತರ ನಂಬಿದವಳೂ ನಾನೇ.

ಮರುದಿನದಿಂದ ಮಾವ ತಾವೇ ಶೂ ತೊಟ್ಟು ಟೆಂಪೋ ಹತ್ತಿದರು. ಗಡ್ಡ ತೆಗೆದರು. ಮನೆಗೆ ಬಂದ ಮೇಲೆ ಗೇಟಿಗೆ ಬಂದ ಕಾರುಗಳ ಸುದ್ದಿಯನ್ನು ಅಮ್ಮನಿಗೆ ಹೇಳತೊಡಗಿದರು. ಶೂ ಕಳಚಿದರೂ ಕಾಲುಚೀಲ ತೆಗೆಯುತ್ತಿರಲಿಲ್ಲ. ತೆಗೆಯುವುದು ಅವರಿಗೆ ಕಷ್ಟ, ಅಮ್ಮನ ಕೈಗೆ ಕಾಲು ಕೊಡುವವರಲ್ಲ. ಪಾಳಿ ಮುಗಿಸಿ ಅವರು ಬರುವ ಹೊತ್ತಿಗೆ ನಾನು ಮಲಗಿರುತ್ತಿದ್ದೆ, ಅವರು ಏಳುವ ಮೊದಲೇ ನನ್ನ ಬಸ್ಸು. ಮಳೆ ಹಿಡಿದ ಮೇಲೆ ಜಗಲಿಯಲ್ಲಿ ಏನೋ ವಾಸನೆ ಎಂದು ಅಮ್ಮ ಎರಡು ದಿನ ಮೂಲೆಮೂಲೆ ತೊಳೆದಳು. ಭಾನುವಾರ ನಾನೇ ಕಾಲುಚೀಲ ಜಗ್ಗಿ ತೆಗೆದೆ. ಚರ್ಮ ಅದಕ್ಕೆ ಅಂಟಿಕೊಂಡು ಬಂತು. ಪಾದದ ಮೇಲೆ ಲೇಸು ಹಾದುಹೋದಲ್ಲೆಲ್ಲ ಹುಣ್ಣು. ಬೆರಳುಗಳು ಕಪ್ಪಾಗಿದ್ದವು.

ಹೊನ್ನಾವರದ ಡಾಕ್ಟರು ಎರಡು ಬೆರಳು ತೆಗೆದರು. ಇನ್ನು ಶೂ ಬೇಡ ಎಂದರು.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟು ನಿಂತಿದ್ದೆ. ಅಮ್ಮ ಬಿಸಿನೀರು, ಹತ್ತಿ ಹಿಡಿದು ಬಂದಳು. ಕುರ್ಚಿಯೆದುರು ನೆಲದಲ್ಲಿ ಕೂತು, ತಮ್ಮನ ಕಾಲನ್ನೆತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮಾವ ಕಾಲು ಎಳೆದುಕೊಳ್ಳಲಿಲ್ಲ.