ಜೂನ್ ಒಂದನೇ ತಾರೀಖಿನ ರೋಜಾ

ನಮ್ಮೂರಿನ ರೋಜಾ ವಿದೇಶದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿ ಬಂದವಳು. ಹದಿನಾರು ಎಂಬ ನಮ್ಮೂರಿನ ಸುತ್ತಮುತ್ತ ಇನ್ನೊಬ್ಬ ಹೆಣ್ಣುಮಗಳು ಆ ಕೆಲಸ ಮಾಡಿಲ್ಲ, ಗಂಡಸರೂ ಮಾಡಿಲ್ಲ. ಈಗ ಅವಳು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಬಾಟಲಿಗೆ ಲೇಬಲ್ ಅಂಟಿಸುತ್ತಾಳೆ. ಹೀಗೇಕಾಯಿತು ಎಂದು ಊರಲ್ಲಿ ಕೇಳಿದರೆ ಕೆಲವರು ಹಣೆಬರಹ ಅನ್ನುತ್ತಾರೆ, ಕೆಲವರು ವಯಸ್ಸಿನ ವಿಷಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಳು ಅನ್ನುತ್ತಾರೆ. ಎರಡೂ ಸುಳ್ಳು. ಕಾರಣ ನಾನು, ಮಹಾದೇವಸ್ವಾಮಿ, ಇದೇ ಊರಿನ ಪ್ರಾಥಮಿಕ ಶಾಲೆಯ ನಿವೃತ್ತ ಹೆಡ್‌ಮಾಸ್ಟರ್.

ಎರಡು ಸಾವಿರದ ಆರನೇ ಇಸವಿಯ ಜೂನ್ ತಿಂಗಳು. ಒಂದನೇ ಕ್ಲಾಸಿಗೆ ಮಕ್ಕಳು ಸಾಲದೆ ಒಂದು ಹುದ್ದೆ ರದ್ದಾಗುವ ಹಾಗಿತ್ತು. ರದ್ದಾದರೆ ವರ್ಗವಾಗುವವನು ನಾನು. ಮನೆ, ಗದ್ದೆ, ಹೆಂಡತಿ ಎಲ್ಲ ಇಲ್ಲೇ ಇರುವಾಗ ಎಲ್ಲೋ ಕಾಡಂಚಿನ ಶಾಲೆಗೆ ಹೋಗಲು ನನಗೆ ಹುಚ್ಚೇ? ಲೆಕ್ಕ ತುಂಬಿಸಲು ರಿಜಿಸ್ಟರ್ ಹಿಡಿದು ಊರ ಕೆಳಗಿನ ಬೀದಿಗೆ ಹೋದೆ. ಕೂಲಿ ಮಾಡುವ ಚಲುವಯ್ಯನ ಮನೆ ಮುಂದೆ ಅವನ ತಾಯಿ ಪಾಪಮ್ಮ ಸೊಪ್ಪು ಬಿಡಿಸುತ್ತಿದ್ದಳು. ಮೊಮ್ಮಗಳು ರೋಜಾ ಅಂಗನವಾಡಿಯಿಂದ ತಂದ ತಟ್ಟೆಯನ್ನು ಗಾಲಿಯ ಹಾಗೆ ಉರುಳಿಸುತ್ತಿದ್ದಳು.

"ಮಗೀಗೆ ಇನ್ನೂ ನಾಕ್ ವರ್ಸ ಕಣ್ ಸಾ. ಅವರೆಕಾಯಿ ಮುಗಿಯೋ ಕಾಲ್ದಲ್ಲಿ ನಂಜನಗೂಡಾಸ್ಪತ್ರೇಲಿ ಉಟ್ಟಿದ್ದು. ಚೀಟಿ ಐತೆ, ತತ್ತೀನಿ ತಾಳಿ" ಎಂದಳು ಪಾಪಮ್ಮ.

ನಾನು ತಾಳಲಿಲ್ಲ. ಚೀಟಿ ಬೇಡ, ಸಹಿ ಹಾಕು ಸಾಕು ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು, ಹುಟ್ಟಿದ ದಿನದ ಜಾಗದಲ್ಲಿ 1-6-2000 ಎಂದು ಬರೆದೆ. ನಾಲ್ಕು ವರ್ಷದ ಮಗು ಒಂದು ಗೀಟಿಗೆ ಆರು ವರ್ಷದ್ದಾಯಿತು. ಮೇಲಿನ ಬೀದಿಯವರು ಜಾತಕ ಹಿಡಿದು ಬರುತ್ತಿದ್ದರು, ಅವರ ಮಕ್ಕಳಿಗೆ ತಿಥಿ ವಾರ ನೋಡಿ ಬರೆಯುತ್ತಿದ್ದೆ. ಕೆಳಗಿನ ಬೀದಿಯ ಮಕ್ಕಳಿಗೆಲ್ಲ ಜೂನ್ ಒಂದು. ಆ ವರ್ಷ ನನ್ನ ಕ್ಲಾಸಿನಲ್ಲಿ ಏಳು ಮಕ್ಕಳು ಒಂದೇ ದಿನ ಹುಟ್ಟಿದ್ದರು. ಮೇಷ್ಟ್ರುಗಳ ಸಭೆಯಲ್ಲಿ ಇದನ್ನು ಹೇಳಿ ನಗಿಸಿದ್ದೂ ಉಂಟು.

ನನ್ನದೂ ಒಂದು ಕಥೆಯಿದೆ, ಊರಿಗೆಲ್ಲ ಗೊತ್ತಿರುವುದೇ. ನಮ್ಮಪ್ಪ ನನ್ನನ್ನು ಶಾಲೆಗೆ ಸೇರಿಸುವಾಗ ಜಾತಕ ಮಡಿಚಿಟ್ಟು ಎರಡು ವರ್ಷ ಕಡಿಮೆ ಬರೆಸಿದರು. ಮುಂದೆ ಸರ್ಕಾರಿ ಕೆಲಸ ಸಿಕ್ಕರೆ ಸರ್ವೀಸು ಉದ್ದವಾಗಲಿ ಎಂಬ ದೂರದೃಷ್ಟಿ. ಕೆಲಸ ಸಿಕ್ಕಿತು, ಸರ್ವೀಸೂ ಉದ್ದವಾಯಿತು. ಅರವತ್ತಕ್ಕೆ ನಿವೃತ್ತನಾದಾಗ ನನಗೆ ಅರವತ್ತೆರಡು. ಸನ್ಮಾನದ ದಿನ ನಾನೇ ಇದನ್ನು ತಮಾಷೆಯಾಗಿ ಹೇಳಿಕೊಂಡಿದ್ದೆ.

ರೋಜಾ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಉಳಿದವರು ಒಂದು ಹೆಜ್ಜೆ ಇಡುವಲ್ಲಿ ಎರಡು ಇಡಬೇಕು, ಹಾಗಾಗಿ ಯಾವಾಗಲೂ ಓಡುತ್ತಲೇ ಇದ್ದಳು. ನಂಜನಗೂಡಿನ ಹೈಸ್ಕೂಲಿಗೆ ಹೋದಾಗ ಪಿ.ಟಿ. ಮೇಷ್ಟ್ರು ನಾಗೇಂದ್ರ ಅವಳನ್ನು ಫುಟ್‌ಬಾಲಿಗೆ ಹಚ್ಚಿದ. ಚೆಂಡು ಬರುವ ಮೊದಲೇ ಎಲ್ಲಿ ನಿಲ್ಲಬೇಕೆಂದು ಇವಳಿಗೆ ಗೊತ್ತಿರುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಹದಿನೇಳರ ಒಳಗಿನವರ ರಾಜ್ಯ ತಂಡದ ಆಯ್ಕೆಗೆ ವಯಸ್ಸಿನ ದಾಖಲೆ ಕೇಳಿದಾಗ ಪಾಪಮ್ಮ ಟ್ರಂಕು ತೆಗೆದಳು. ಆಸ್ಪತ್ರೆಯ ಚೀಟಿ ಹಾಗೇ ಇತ್ತು. ಅದರ ಆಧಾರದ ಮೇಲೆ ಜನನ ಪ್ರಮಾಣಪತ್ರ ಸಿಕ್ಕಿತು: 19-2-2002. ಅದು ನಿಜವಾದ ತಾರೀಖು. ಐದು ವರ್ಷದ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟರು. ಅದರಲ್ಲಿ ಇದ್ದದ್ದು ನಾನು ಬರೆದ ತಾರೀಖು. ಪಾಸ್‌ಪೋರ್ಟ್ ಬಂತಲ್ಲ ಎಂಬ ಸಂತೋಷದಲ್ಲಿ ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ.

ಅವಳು ಹೋದದ್ದು ಸರ್ಬಿಯಾ ದೇಶದ ಒಂದು ಸಣ್ಣ ಊರಿನ ಕ್ಲಬ್ಬಿಗೆ. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಶುಭ ಕೋರುವವರ ಮುಖಗಳು ಹಂಡೆಯಷ್ಟು, ಅವಳದು ಮೂಲೆಯಲ್ಲಿ ಬಟ್ಟಲಷ್ಟು. ಅಲ್ಲಿ ನಾಲ್ವರು ಆಟಗಾರ್ತಿಯರಿಗೆ ಒಂದೇ ಮನೆ. ತಗೊಂಡು ಹೋದ ರಾಗಿ ಹಿಟ್ಟು ಎರಡೇ ತಿಂಗಳಿಗೆ ಮುಗಿಯಿತು. ಚಳಿಗಾಲದಲ್ಲಿ ಮೈದಾನ ಕಲ್ಲಾಗಿ, ಜಾರಿ ಬಿದ್ದರೆ ತೊಡೆ ಸುಲಿಯುತ್ತಿತ್ತಂತೆ. ಮೊದಲ ಐದು ಪಂದ್ಯ ಹೊರಗೆ ಕೂತಳು. ಪಾಪಮ್ಮ ವೀಡಿಯೊ ಕಾಲಿನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಇವತ್ತು ಆಡಿದೆಯಾ, ಕೂತಿದ್ದೆಯಾ ಅಂತ. ಆರನೆಯ ಪಂದ್ಯದಿಂದ ಕೊನೆಯವರೆಗೆ ಎಡಗಡೆಯ ಡಿಫೆಂಡರ್ ಅವಳೇ. ವರ್ಷದ ಕೊನೆಗೆ ಕ್ಲಬ್ಬಿನವರು ಇನ್ನೆರಡು ವರ್ಷಕ್ಕೆ ಕರಾರು ಮಾಡಿಕೊಳ್ಳುವುದಾಗಿ ಹೇಳಿ ಅವಳ ಕಾಗದಪತ್ರ ಪರಿಶೀಲನೆಗೆ ಕಳಿಸಿದರು. ಆಗ ಎರಡು ತಾರೀಖೂ ಒಂದೇ ಮೇಜಿನ ಮೇಲೆ ಬಂದವು.

ಹದಿನೈದು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲದಿದ್ದರೆ ಅಮಾನತು ಎಂದು ಆಟದ ಸಂಘದಿಂದ ನೋಟಿಸು ಬಂತು. ಶಾಲೆಗೆ ಸೇರಿಸಿದ ಮೇಷ್ಟ್ರು ದಾಖಲೆ ನೋಡದೆ ಬರೆದೆ ಎಂದು ಬರೆದುಕೊಟ್ಟರೆ ಒಪ್ಪುತ್ತೇವೆ ಎಂದಿದ್ದರು. ರಜೆಗೆ ಊರಿಗೆ ಬಂದಿದ್ದ ರೋಜಾ ನಮ್ಮ ಮನೆಗೆ ಬಂದಳು. ಕೂತುಕೋ ಎಂದರೂ ನಿಂತೇ ಇದ್ದಳು. ನನ್ನ ಹೆಂಡತಿ ಅವಳಿಗೆ ಪೇಪರ್ ಲೋಟದಲ್ಲಿ ಕಾಫಿ ತಂದಳು. ನಮ್ಮ ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಬರವಿಲ್ಲ.

"ಅಂದಾಜಲ್ಲಿ ಬರ್ದೆ ಅಂತ ಒಂದ್ ಕಾಗ್ದ ಕೊಡಿ ಸಾ, ಸಾಕು. ತಪ್ ಮಾಡ್ದೆ ಅಂತ ಬರೀಬ್ಯಾಡಿ" ಎಂದಳು.

ನನ್ನ ಮರ್ಯಾದೆಯನ್ನೂ ಅವಳೇ ಕಾಪಾಡಲು ಹೊರಟಿದ್ದಳು. ಸೋಮವಾರ ಬಾ ಎಂದೆ. ಅವಳು ಹೋದ ಮೇಲೆ ಹೆದರಿಕೆ ಶುರುವಾಯಿತು. ಸುಳ್ಳು ದಾಖಲಾತಿ ಎಂದು ಇಲಾಖೆ ವಿಚಾರಣೆ ಹಚ್ಚಿದರೆ? ಪಿಂಚಣಿ ನಿಲ್ಲಿಸಿದರೆ? ಆ ಏಳು ಮಕ್ಕಳ ವಿಷಯವೂ ಹೊರಬಿದ್ದರೆ? ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಟಿ. ನರಸೀಪುರದ ಮಗಳ ಮನೆಗೆ ಹೋದೆ. ಮೊಬೈಲು ಆಫ್ ಮಾಡಿದೆ. ಎರಡು ವಾರ ಅಲ್ಲಿ ಹೊಟ್ಟೆ ತುಂಬ ಉಂಡೆ, ಸಂಗಮದಲ್ಲಿ ಕೂತು ನೀರು ನೋಡಿದೆ, ಮುಡುಕುತೊರೆ ಬೆಟ್ಟದ ಗುಡಿಗೂ ಹೋಗಿಬಂದೆ. ಇತ್ತ ಪಾಪಮ್ಮ ಮೂರು ದಿನ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಹೋದಳಂತೆ. ಎಲ್ಲಿಗೆ ಹೋಗಿದ್ದಾರೋ ಗೊತ್ತಿಲ್ಲ ಎಂದು ಹೆಂಡತಿ ಹೇಳಿ ಕಳಿಸಿದಳಂತೆ. ಗಂಡ ಹೇಡಿಯಾದರೆ ಹೆಂಡತಿ ಸುಳ್ಳಿಯಾಗಬೇಕಾಗುತ್ತದೆ.

ನಾನು ವಾಪಸು ಬರುವಷ್ಟರಲ್ಲಿ ಗಡುವು ಮುಗಿದು ಎರಡು ವರ್ಷದ ಅಮಾನತು ಆದೇಶವಾಗಿತ್ತು. ಕ್ಲಬ್ಬಿನವರು ಅವಳ ಜಾಗಕ್ಕೆ ಬೇರೆ ಹುಡುಗಿಯನ್ನು ತಗೊಂಡರು. ಫ್ಲೆಕ್ಸ್ ಕಟ್ಟಿದ ಮಹನೀಯರೇ ಟೀ ಅಂಗಡಿಯಲ್ಲಿ, ಆ ಬೀದಿಯವರ ಬುದ್ಧಿಯೇ ಅಷ್ಟು ಎಂದರು. ನಾನು ಅಲ್ಲೇ ಕೂತು ಟೀ ಕುಡಿದು, ದುಡ್ಡು ಕೊಟ್ಟು ಎದ್ದು ಬಂದೆ.

ನಾಲ್ಕು ತಿಂಗಳಾದ ಮೇಲೆ ಒಂದು ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತ ವಕೀಲರನ್ನು ಯಾರದೋ ವಿಷಯ ಎಂಬಂತೆ ಕೇಳಿದೆ. ಅಷ್ಟು ಹಳೆಯ ಸಂಗತಿಗೆ ನಿವೃತ್ತರ ಮೇಲೆ ಯಾರೂ ವಿಚಾರಣೆ ಮಾಡುವ ಹಾಗಿಲ್ಲ, ಪಿಂಚಣಿ ಮುಟ್ಟುವ ಹಾಗೂ ಇಲ್ಲ ಎಂದರು. ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ. ಮನೆಗೆ ಬಂದು ಕಾಗದ ಬರೆದೆ, ತಪ್ಪು ಮಾಡಿದೆ ಎಂದೇ ಬರೆದೆ, ನಾಗೇಂದ್ರನಿಗೆ ಕೊಟ್ಟೆ. ಅವನು ಓದಿ, ಮಡಿಚಿ, ನನ್ನ ಜೇಬಿಗೇ ಇಟ್ಟ. ಮೇಲ್ಮನವಿಯ ಅವಧಿಯೂ ಮುಗಿದಿದೆ ಸಾರ್ ಎಂದ.

ರೋಜಾ ಇದುವರೆಗೆ ನನಗೆ ಒಂದು ಮಾತೂ ಅಂದಿಲ್ಲ. ಬಸ್ಸಿನಲ್ಲಿ ಎದುರಾದರೆ ಎದ್ದು ಸೀಟು ಬಿಡುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು.

ಈ ಜೂನ್‌ನಲ್ಲಿ ಶಾಲೆಯ ಹೊಸ ಟೀಚರ್ ದಾಖಲಾತಿ ದಿನಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಹಾರ ಹಾಕಿಸಿಕೊಂಡು ಕೂತಿದ್ದಾಗ ರೋಜಾ ಬಂದಳು. ಅಣ್ಣ ಸಿದ್ದುವಿನ ಮಗಳು ನಯನಳ ಕೈ ಹಿಡಿದಿದ್ದಳು. ಟೀಚರ್ ಜನನ ಪ್ರಮಾಣಪತ್ರ ನೋಡಿ, ಆರು ವರ್ಷಕ್ಕೆ ನಾಲ್ಕು ತಿಂಗಳು ಕಡಿಮೆ ಇದೆ, ಮಕ್ಕಳೂ ಕಡಿಮೆ ಇದ್ದಾರೆ, ಈ ಕಾಗದ ಒಳಗಿಡಿ, ಹೇಗಾದರೂ ಹೊಂದಿಸೋಣ ಎಂದರು.

"ಬ್ಯಾಡಿ ಮೇಡಂ. ಮುಂದಿನ್ ವರ್ಸವೇ ಕರ್ಕೊಂಡ್ ಬತ್ತೀನಿ" ಎಂದು ರೋಜಾ ಕಾಗದ ವಾಪಸು ತಗೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು.

"ಸಾ, ನೀವು ಉಟ್ಟಿದ್ ದಿನ ಯಾವ್ದು?"

ಟೀಚರ್ ನನ್ನನ್ನೇ ನೋಡುತ್ತಿದ್ದರು. ಆ ಚಿಕ್ಕ ಮಗುವೂ ನೋಡುತ್ತಿತ್ತು. ನಾನು ಅಪ್ಪ ಬರೆಸಿದ್ದ, ಪಿಂಚಣಿ ಪುಸ್ತಕದಲ್ಲಿರುವ ತಾರೀಖನ್ನೇ ಹೇಳಿದೆ.