ಕಾಸ್ಟಿಕ್ ತಿಂದ ಎಂಜಿನ್ ಕವರು

ಮದುವೆಯಾಗಿ ಬೇಡಕಿಹಾಳಕ್ಕೆ ಬಂದಾಗಿನಿಂದ ಡೇರಿಗೆ ಹಾಲು ಹಾಕುವವಳು ನಾನೇ. ಮೋಟರ್‌ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಹೋಗುತ್ತೇನೆ. ಅದು ಕೆಟ್ಟರೆ ಬಿಚ್ಚುವವಳೂ ನಾನೇ. ಉಗಾರದಲ್ಲಿ ಅಪ್ಪನಿಗೆ ಗ್ಯಾರೇಜ್ ಇತ್ತು. ಪಾನಾ, ಸ್ಕ್ರೂಡ್ರೈವರು ಹಿಡಿಯಲು ಅಲ್ಲೇ ಕಲಿತಿದ್ದೆ.

ಕಳೆದ ಮಳೆಗಾಲದಲ್ಲಿ ಎಂಜಿನ್ನಿನ ಬಲಬದಿಯ ಕವರಿನಿಂದ ಆಯಿಲ್ ಸೋರತೊಡಗಿತು. ಬಿಚ್ಚಿದರೆ, ಆಯಿಲ್ ಸೋರದಂತೆ ಕವರಿಗೂ ಎಂಜಿನ್ನಿಗೂ ನಡುವೆ ಕೂರಿಸುವ ಪ್ಯಾಕಿಂಗ್ ಹರಿದಿತ್ತು. ಕವರಿನ ಮೇಲೆ ಕಬ್ಬಿನ ಹೊಲದ ಕೆಸರು, ಆಯಿಲ್, ಧೂಳು ಸೇರಿ ದಪ್ಪನೆಯ ಕರಿ ಜಿಡ್ಡು. ಕವರು ಅಲ್ಯೂಮಿನಿಯಂನದು, ಮೆದು, ಚಾಕು ತಾಗಿಸಿದರೆ ಗೀರು ಬೀಳುತ್ತದೆ. ಡೀಸೆಲ್ಲಿನಲ್ಲಿ ನೆನೆಹಾಕಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿದೆ. ಪ್ಯಾಕಿಂಗ್ ಕೂರುವ ಅಂಚನ್ನು ಬಿದಿರಿನ ಸೀಳಿನಿಂದ ಮೆಲ್ಲಗೆ ಕೆರೆದೆ. ಅರ್ಧ ಬೆಳ್ಳಗಾದ ಮೇಲೆ ಬಸ್ಸು ಹತ್ತಿ ನಿಪ್ಪಾಣಿಗೆ ಹೊಸ ಪ್ಯಾಕಿಂಗ್ ತರಲು ಹೋದೆ.

ತಿರುಗಿ ಬಂದಾಗ ನನ್ನ ಗಂಡನ ಅಣ್ಣ ಅಂಗಳದಲ್ಲಿ ಬಕೆಟ್ಟಿನ ಮುಂದೆ ಕೂತಿದ್ದರು. ಬಕೆಟ್ಟಿನೊಳಗೆ ನನ್ನ ಕವರು. ಮೋರಿ ತೊಳೆಯಲು ತಂದಿಟ್ಟಿದ್ದ ಕಾಸ್ಟಿಕ್ ಸೋಡಾ ಸುರಿದುಬಿಟ್ಟಿದ್ದರು. ನೀರು ಬುರುಬುರು ನೊರೆಯೇಳುತ್ತಿತ್ತು.

"ಮುಂಜಾನಿಂದ ತಿಕ್ಕಾಕತ್ತಿದ್ದಿ. ಈಗ ನೋಡವಾ, ಹೆಂಗ ಲಕಲಕ ಆಕ್ಕೈತಿ," ಅಂದರು.

ಕೋಲಿನಿಂದ ಎತ್ತಿ, ಕೊಡಗಟ್ಟಲೆ ನೀರು ಸುರಿದೆ. ಕವರು ಕರ್ರಗಾಗಿತ್ತು. ಅಂಚಿನ ತುಂಬ ಸಣ್ಣ ಸಣ್ಣ ಗುಳಿ.

ಭಾವನ ಎದುರು ನಾನು ಎಂದೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

"ಯಾರ ಹೇಳಿದ್ರು ನಿಮಗ ಇದನ್ನ ಮುಟ್ಟಾಕ? ಅಲ್ಯೂಮಿನಿಯಂ ತಿಂದ ಹಾಕತೈತಿ ಅದು! ಮೋರಿಗೆ ಹಾಕೂದನ್ನ ಎಂಜಿನ್ನಿಗೆ ಹಾಕ್ತಾರೇನ್ರಿ?"

"ಒಂದ ಮುಚ್ಚಳಕ್ಕ ಇಷ್ಟ ಸಿಟ್ಟ?" ಎಂದು ಅವರು ನಕ್ಕರು.

ಆ ನಗು ಕೇಳಿ ಮೈಯೆಲ್ಲ ಉರಿದುಹೋಯಿತು. ಒಳಗಿನಿಂದ ಅತ್ತೆ, "ದೊಡ್ಡಾವರಿಗೆ ಹಂಗ ಅನಬಾರದವ್ವಾ," ಎಂದರು. ಗಂಡ ಕಟ್ಟೆಯ ಮೇಲೆ ಕೂತಿದ್ದರು. ಸೋಡಾ ಸುರಿಯುವಾಗಲೂ ಅಲ್ಲೇ ಕೂತಿದ್ದರಂತೆ.

"ಹೋಗ್ಲಿ ಬಿಡ, ಅಣ್ಣ ಚಲೋದಕ್ಕ ಮಾಡ್ಯಾನ."

"ಚಲೋದಕ್ಕ ಮಾಡೂದಿದ್ರ ನನ್ನ ಕೇಳ್ತಿದ್ರು. ನೀವ್ಯಾಕ ತಡೀಲಿಲ್ಲ? ನಿಮ್ಮ ಬಾಯಿಗೆ ಯಾರರ ಪ್ಯಾಕಿಂಗ್ ಕೂಡ್ರಿಸಿದ್ರೇನ? ಗಾಡಿ ರೆಡಿ ಆಗೂ ಮಟಾ ಅಣ್ಣತಮ್ಮ ಇಬ್ಬರೂ ಹಾಲ ಹೊತ್ತ ಹೋಗ್ರಿ!"

ಮರುದಿನದಿಂದ ಇಬ್ಬರೂ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋದರು, ಮುಖ ಊದಿಸಿಕೊಂಡು. ನಾನು ಹೊಸ ಪ್ಯಾಕಿಂಗ್ ಹಾಕಿ ಅದೇ ಕವರು ಕೂರಿಸಿ ನೋಡಿದೆ. ಗುಳಿಗಳಿಂದ ಆಯಿಲ್ ಜಿನುಗಿತು. ಕೊನೆಗೆ ಚಿಕ್ಕೋಡಿಯ ಗುಜರಿ ಅಂಗಡಿಯಲ್ಲಿ ಅಂಥದೇ ಒಂದು ಹಳೇ ಕವರು ಸಿಕ್ಕಿತು. ಅದರ ಮೇಲೂ ಅಷ್ಟೇ ಜಿಡ್ಡು. ಮತ್ತೆ ಡೀಸೆಲ್ಲು, ಮತ್ತೆ ಬ್ರಷ್ಷು. ಭಾವ ಹತ್ತಿರ ಬಂದು ನಿಂತು, "ನಾನೂ ಒಂಚೂರ ತಿಕ್ಕಲೇನವಾ?" ಅಂದರು.

"ಬ್ಯಾಡ್ರಿ," ಅಂದೆ. ತಲೆ ಎತ್ತಲಿಲ್ಲ.

ಗಾಡಿ ಈಗ ಸೋರುವುದಿಲ್ಲ. ನಮ್ಮ ಮನೆಯ ಸೊಸೆಯ ಬಾಯಿ ಜೋರು ಎಂದು ಭಾವ ಇವತ್ತಿಗೂ ಊರ ತುಂಬ ಹೇಳಿಕೊಂಡು ತಿರುಗುತ್ತಾರೆ. ಕವರು ಕೆಡಿಸಿದ ಮಾತು ಮಾತ್ರ ಅವರ ಬಾಯಿಂದ ಒಮ್ಮೆಯೂ ಬಂದಿಲ್ಲ.